ಶಾಲೆಯ ದಫ್ತರ ಮತ್ತು ಮಗುವಿನ ಮಾನ

ಜೂನ್ ತಿಂಗಳು ಬಂದಿತೆಂದರೆ ಊರೂರಿನ ಶಾಲೆಗಳಲ್ಲಿ ಮಕ್ಕಳ ದಾಖಲಾತಿಯ ಸಡಗರ. ಕುಷ್ಟಗಿ ತಾಲೂಕಿನ ತಾವರಗೇರಾದಂತಹ ಒಂದು ಊರಿನಲ್ಲಿ ತಾಯಿಯೊಬ್ಬಳು ಮಗಳ ಕೈ ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಮೇಜಿನ ಮುಂದೆ ನಿಂತಿದ್ದಾಳೆಂದು ಭಾವಿಸೋಣ. ಮಗುವಿನ ಹೆಸರೇನು? ಹುಟ್ಟಿದ ತಾರೀಖು ಯಾವುದು? ತಂದೆ ಯಾರು? ಜಾತಿ ಯಾವುದು, ಉಪಜಾತಿ ಯಾವುದು? ವರ್ಷದ ಆದಾಯ ಎಷ್ಟು? ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ, ಫೋನ್ ನಂಬರು? ಮಗುವಿಗೆ ಅಂಗವೈಕಲ್ಯವೇನಾದರೂ ಉಂಟೋ? ಒಂದೊಂದಾಗಿ ಪ್ರಶ್ನೆ ಬರುತ್ತದೆ, ಒಂದೊಂದಕ್ಕೂ ಅವಳು ಉತ್ತರ ಹೇಳುತ್ತಾಳೆ. ಇದೇ ಪ್ರಶ್ನೆಗಳನ್ನು ನೆರೆಮನೆಯಾಕೆ ಕೇಳಿದ್ದರೆ "ಅದೆಲ್ಲ ನಿನಗ್ಯಾಕ ಬೇಕವ್ವಾ?" ಎಂದು ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು. ಶಾಲೆ ಕೇಳಿತು, ಆದ್ದರಿಂದ ಹೇಳಿದಳು.

ಈ ವ್ಯತ್ಯಾಸವನ್ನು ನಾವು ಗಮನಿಸಬೇಕು. ಆಕೆ ಹೇಳಿದ್ದು ಕುತೂಹಲ ತಣಿಸುವುದಕ್ಕಲ್ಲ, ಮಗಳ ಓದಿಗಾಗಿ. ಹಿಂದಿನವರು ಇಂಥದನ್ನು ನ್ಯಾಸವೆಂದು ಕರೆಯುತ್ತಿದ್ದರು. ಊರಿಗೆ ಹೋಗುವಾಗ ನಂಬಿಕಸ್ಥರ ಮನೆಯಲ್ಲಿ ಒಡವೆಯ ಗಂಟನ್ನು ಇಟ್ಟುಹೋಗುವುದುಂಟಷ್ಟೆ. ಇಟ್ಟುಕೊಂಡವನಿಗೆ ಕಾಯುವ ಹೊಣೆ ಉಂಟು. ತೊಟ್ಟುಕೊಂಡು ಮೆರೆಯುವ ಹಕ್ಕಿಲ್ಲ, ಮೂರನೆಯವನಿಗೆ ಎತ್ತಿ ಕೊಡುವ ಹಕ್ಕಂತೂ ಇಲ್ಲವೇ ಇಲ್ಲ. ಶಾಲೆಯ ದಫ್ತರದಲ್ಲಿರುವ ವಿವರವೂ ಹೀಗೆಯೇ. ಅದು ಶಾಲೆಯ ವಶದಲ್ಲಿದೆ. ಅದರ ಒಡೆತನ ಮಗುವಿನದು. ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು ಮುಖ್ಯವಾಗಿ ಇಷ್ಟೇ. ಆದರೆ ಇಷ್ಟು ಸರಳವಾದ ಮಾತು ಇಂದಿನ ದಿನಗಳಲ್ಲಿ ಏಕೆ ಮರೆತುಹೋಗುತ್ತಿದೆ, ಮರೆತರೆ ಯಾರಿಗೆ ನೋವು, ಅದನ್ನು ನೆನಪಿನಲ್ಲಿಡಲು ಏನು ಮಾಡಬೇಕು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಹಿಂದೆ ದಾಖಲಾತಿ ವಹಿ ಒಂದೇ ಇರುತ್ತಿತ್ತು. ಅದು ಕಬ್ಬಿಣದ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ಹೆಡ್‌ಮಾಸ್ತರರ ಕಿಸೆಯಲ್ಲಿ. ಆ ವಹಿಯಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಅದರಿಂದಾಗಿ ನಮ್ಮ ನಾಡಿನಲ್ಲಿ ಜೂನ್ ಒಂದರಂದೇ ಹುಟ್ಟಿದ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ನಗು ಬರುವ ಮಾತಾದರೂ ಇದರಲ್ಲೊಂದು ಪಾಠವಿದೆ. ಶಾಲೆಯಲ್ಲಿ ಬರೆದದ್ದು ಜೀವಮಾನದ ಸತ್ಯವಾಗಿ ನಿಂತುಬಿಡುತ್ತದೆ. ನೌಕರಿಗೆ ಅದೇ ಆಧಾರ, ನಿವೃತ್ತಿಗೆ ಅದೇ ಆಧಾರ. ಕಲ್ಯಾಣ ಕರ್ನಾಟಕದ ನಮ್ಮ ಮಕ್ಕಳು ಸಂವಿಧಾನದ 371 (ಜೆ) ವಿಧಿಯ ಮೀಸಲಾತಿಗೆ ಅರ್ಹತಾ ಪತ್ರ ಪಡೆಯಲು ಹೋದರೂ ಶಾಲೆಯ ವ್ಯಾಸಂಗದ ದಾಖಲೆಯನ್ನೇ ಮುಂದಿಡಬೇಕಾಗುತ್ತದೆ. ಆರು ವರ್ಷದ ಮಗುವಿನ ಬಗ್ಗೆ ಇನ್ನೊಬ್ಬರು ಬರೆದ ಒಂದು ಸಾಲು ಅರವತ್ತು ವರ್ಷದವರೆಗೆ ಆ ಮನುಷ್ಯನ ಬೆನ್ನ ಹಿಂದೆ ಬರುತ್ತದೆ.

ಇಷ್ಟಾದರೂ ಆ ವಹಿಗೆ ಒಂದು ಗುಣವಿತ್ತು: ಅದು ಇದ್ದಲ್ಲಿಯೇ ಇರುತ್ತಿತ್ತು. ಹತ್ತನೆಯ ತರಗತಿಯ ಫಲಿತಾಂಶವನ್ನು ಒಂದು ಕಾಲಕ್ಕೆ ದಿನಪತ್ರಿಕೆಗಳಲ್ಲಿ ಅಚ್ಚು ಹಾಕುತ್ತಿದ್ದರು. ಪುಟದ ತುಂಬ ಅಂಕಿಗಳು. ಆದರೆ ಅಲ್ಲಿ ಇರುತ್ತಿದ್ದುದು ನೋಂದಣಿ ಸಂಖ್ಯೆ, ಹೆಸರಲ್ಲ. ತನ್ನ ಸಂಖ್ಯೆ ತಿಳಿದವನು ಹುಡುಕಿಕೊಂಡನು. ಫೇಲಾದವನ ಹೆಸರು ಚಾವಡಿಯ ಕಟ್ಟೆಯ ಮೇಲೆ ಕುಳಿತವರ ಕಣ್ಣಿಗೆ ಬೀಳಲಿಲ್ಲ. ಇದನ್ನು ಗೋಪ್ಯತೆಯ ತತ್ತ್ವವೆಂದು ಯಾರೂ ಹೆಸರಿಟ್ಟು ಕರೆಯಲಿಲ್ಲ. ಆದರೂ ಅದರಿಂದ ಎಷ್ಟೋ ಮಕ್ಕಳ ಮಾನ ಉಳಿಯಿತು.

ಈಗ ದಫ್ತರ ಕಪಾಟಿನಿಂದ ಹೊರಬಿದ್ದಿದೆ. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಸ್ಯಾಟ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಉಂಟು. ಪ್ರವೇಶ, ಅಂಕ, ವರ್ಗಾವಣೆ ಎಲ್ಲವೂ ಅದಕ್ಕೆ ಸೇರುತ್ತವೆ. ಕೇಂದ್ರ ಸರ್ಕಾರದ ಯುಡೈಸ್ ವ್ಯವಸ್ಥೆ ಮೊದಲು ಶಾಲೆಗೆ ಎಷ್ಟು ಮಕ್ಕಳೆಂದು ಲೆಕ್ಕ ಕೇಳುತ್ತಿತ್ತು. 2022–23ರಿಂದ ಒಂದೊಂದು ಮಗುವಿನ ವಿವರವನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. 2023ರಿಂದೀಚೆಗೆ 'ಅಪಾರ್' ಎಂಬ 12 ಅಂಕಿಗಳ ಗುರುತು ಸಂಖ್ಯೆ ಬಂದಿದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆಂದರೆ ಜಾತಿ, ಆದಾಯ ಪತ್ರಗಳ ಆರ್.ಡಿ. ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇವೆಲ್ಲ ಬೇಕು.

ಇದನ್ನೆಲ್ಲ ಕೇಡೆಂದು ಬಗೆಯಬಾರದು. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯ ನೀರುಂಟು, ಬತ್ತದ ಗದ್ದೆಯುಂಟು. ಕುಷ್ಟಗಿ ತಾಲೂಕು ಹೆಚ್ಚಿನ ಪಾಲು ಮಳೆಯನ್ನು ನಂಬಿದ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಜನ ಮಂಗಳೂರಿಗೆ, ಬೆಂಗಳೂರಿಗೆ, ಗೋವೆಗೆ ದುಡಿಯಲು ಹೊರಡುತ್ತಾರೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಹಾಗೆ ಹೋದ ಹುಡುಗನ ಓದು ಎಲ್ಲಿಗೆ ನಿಂತಿತು, ಯಾವ ಶಾಲೆಯಲ್ಲಿ ಮುಂದುವರಿಯಿತು ಎಂಬುದನ್ನು ಹಿಂದೆ ಕಂಡುಹಿಡಿಯುವವರಿರಲಿಲ್ಲ. ಈಗ ಒಂದು ಸಂಖ್ಯೆಯಿಂದ ಆ ಹುಡುಗನ ಜಾಡು ಹಿಡಿದು ಮರಳಿ ಶಾಲೆಗೆ ಕರೆತರಬಹುದು. ಶಿಕ್ಷಣ ಹಕ್ಕಿನ 2009ರ ಕಾಯಿದೆಯೂ, ವರ್ಗಾವಣೆ ಪತ್ರ ತಡವಾಯಿತೆಂದು ಇಂಥ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಹೇಳುತ್ತದೆ. ಆದ್ದರಿಂದ ಲೆಕ್ಕ ಬೇಕು, ದಾಖಲೆ ಬೇಕು. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಬೇಕು, ಯಾರಿಗೆ ಬೇಕು, ಎಲ್ಲಿಯವರೆಗೆ ಬೇಕು?

ಇಲ್ಲಿ ಕೆಲವರು ಒಂದು ಆಕ್ಷೇಪಣೆಯನ್ನು ಎತ್ತುವುದುಂಟು. "ಸ್ವಾಮಿ, ಇದೆಲ್ಲ ಶಹರದವರ ಮಾತು. ನಮ್ಮೂರಿನಲ್ಲಿ ಯಾರ ಮನೆಯ ವಿಷಯ ಯಾರಿಗೆ ಗೊತ್ತಿಲ್ಲ? ಯಾವ ಮಗು ಯಾರದು, ಯಾರಿಗೆ ಎಷ್ಟು ಸಾಲ, ಎಲ್ಲವೂ ಬಾವಿಕಟ್ಟೆಯಲ್ಲಿ ದಿನವೂ ಹರಿದಾಡುತ್ತಿರುವಾಗ ಗುಟ್ಟೆಲ್ಲಿ ಬಂತು?" ಎನ್ನುತ್ತಾರೆ. ಮೇಲುನೋಟಕ್ಕೆ ಸರಿಯೆಂದು ತೋರುವ ಮಾತು. ಆದರೆ ಊರಿನವರು ಬಲ್ಲದ್ದಕ್ಕೂ ಕಾಗದದಲ್ಲಿ ಬರೆದು ಮೊಹರು ಒತ್ತಿದ್ದಕ್ಕೂ ವ್ಯತ್ಯಾಸವಿದೆ. ಊರ ಬಾಯಿ ಇವತ್ತು ಆಡುತ್ತದೆ, ನಾಳೆ ಮರೆಯುತ್ತದೆ. ಜೊತೆಗೆ ಒಂದಿಷ್ಟು ಕನಿಕರವೂ ಅದಕ್ಕುಂಟು. ದಾಖಲೆ ಮರೆಯುವುದಿಲ್ಲ, ಕನಿಕರಪಡುವುದೂ ಇಲ್ಲ. ಅಲ್ಲದೆ ಊರು ಬಿಟ್ಟು ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಹೊಸದಾಗಿ ಬದುಕು ಕಟ್ಟಿಕೊಳ್ಳುವ ಹುಡುಗಿಯನ್ನು ಬಾವಿಕಟ್ಟೆಯ ಮಾತು ಹಿಂಬಾಲಿಸಲಾರದು, ದಾಖಲೆಯಾದರೋ ಹಿಂಬಾಲಿಸುತ್ತದೆ.

ಇದರ ನೋವು ಯಾರಿಗೆ ಹೆಚ್ಚು ತಾಗುತ್ತದೆಂಬುದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೇವದಾಸಿ ಪದ್ಧತಿಯನ್ನು ನಮ್ಮ ರಾಜ್ಯ 1982ರ ಕಾಯಿದೆಯಿಂದ ನಿಷೇಧಿಸಿತು. ಆದರೂ 2007–08ರ ವರೆಗಿನ ಸಮೀಕ್ಷೆಗಳಲ್ಲಿ ಒಟ್ಟಾರೆ ರಾಜ್ಯದಲ್ಲಿ 46 ಸಾವಿರಕ್ಕೂ ಮೇಲ್ಪಟ್ಟು ಮಹಿಳೆಯರ ಹೆಸರು ದಾಖಲಾಯಿತು. ಕೊಪ್ಪಳವೂ ಆ ಜಿಲ್ಲೆಗಳಲ್ಲಿ ಒಂದು. ಆ ತಾಯಂದಿರ ಮಕ್ಕಳು ಶಾಲೆಗೆ ಬಂದಾಗ ಮೊದಲು ಎದುರಾಗುವುದು ಅಕ್ಷರವಲ್ಲ, ಅರ್ಜಿಯಲ್ಲಿರುವ 'ತಂದೆಯ ಹೆಸರು' ಎಂಬ ಖಾನೆ. ಅದನ್ನು ಖಾಲಿ ಬಿಟ್ಟರೂ ಒಂದು ಅರ್ಥ, ತುಂಬಿದರೂ ಒಂದು ಅರ್ಥ. ತುಂಬಿದ ತರಗತಿಯಲ್ಲಿ ಹೆಸರು ಕೂಗುವಾಗ ಆ ಖಾನೆಯನ್ನೂ ಗಟ್ಟಿಯಾಗಿ ಓದಿದರೆ ಆ ಮಗು ಮರುದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿಯುತ್ತದೆ. ಹೀಗೆ ನಾಲ್ಕು ದಿನ ಉಳಿದ ಮಗು ಐದನೆಯ ದಿನ ಶಾಲೆ ಬಿಟ್ಟೀತು. ದಫ್ತರ ಇರುವುದು ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು. ಅದೇ ದಫ್ತರ ಮಗುವನ್ನು ಹೊರಗೆ ಅಟ್ಟುವಂತಾದರೆ ಅದಕ್ಕಿಂತ ವಿಪರೀತ ಉಂಟೇ?

ಕಾನೂನು ಈ ಸೂಕ್ಷ್ಮವನ್ನು ನಿಧಾನವಾಗಿ ಗ್ರಹಿಸುತ್ತ ಬಂದಿದೆ. ಅವಿವಾಹಿತ ತಾಯಿ ತನ್ನ ಮಗುವಿನ ಪಾಲಕಳಾಗಲು ತಂದೆಯ ಹೆಸರನ್ನು ಬಯಲು ಮಾಡಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ದೇವದಾಸಿ ತಾಯಂದಿರ ಮಕ್ಕಳಿಗೆ ಸಂಬಂಧಿಸಿ ತಂದೆಯ ಹೆಸರಿನ ಈ ಪ್ರಶ್ನೆಯನ್ನು ನಮ್ಮ ರಾಜ್ಯದ ವಿಧಾನಮಂಡಲವೂ 2025ರಲ್ಲಿ ಕೈಗೆತ್ತಿಕೊಂಡಿತು. ಎಚ್.ಐ.ವಿ. ಸೋಂಕಿನ ವಿಷಯಕ್ಕೆ 2017ರ ಪ್ರತ್ಯೇಕ ಕಾಯಿದೆಯುಂಟು; ಸೋಂಕಿದೆಯೆಂದು ಮಗುವನ್ನು ಶಾಲೆಯಿಂದ ದೂರವಿಡುವಂತಿಲ್ಲ, ಆ ಸಂಗತಿಯನ್ನು ಹೊರಗೆ ಹೇಳುವಂತಿಲ್ಲ. ಬಾಲನ್ಯಾಯದ 2015ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೊಂದರೆಗೆ ಸಿಕ್ಕಿ ತನ್ನ ಆಶ್ರಯಕ್ಕೆ ಬಂದ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸವನ್ನೂ ಓದುವ ಶಾಲೆಯ ಹೆಸರನ್ನೂ ಪ್ರಕಟಿಸಕೂಡದೆಂದು ವಿಧಿಸಿದೆ. ಸಣ್ಣ ಊರಿನಲ್ಲಿ ಶಾಲೆಯ ಹೆಸರು ಹೇಳಿದರೆ ಮಗುವಿನ ಹೆಸರು ಹೇಳಿದಂತೆಯೇ ಅಲ್ಲವೇ?

ಇನ್ನು ಕಾಯಿದೆಯ ಪುಸ್ತಕ ಬಿಟ್ಟು ದಿನನಿತ್ಯದ ವ್ಯವಹಾರಕ್ಕೆ ಬರೋಣ. ಮಕ್ಕಳ ವಿವರ ಸೋರಿಹೋಗುವುದು ಎಲ್ಲಿ? ಯಾರೋ ದೂರದ ಕಳ್ಳ ಗಣಕಯಂತ್ರವನ್ನು ಭೇದಿಸಿ ಒಯ್ಯುತ್ತಾನೆಂದು ನಾವು ಹೆದರುತ್ತೇವೆ. ಅದೂ ಉಂಟು, ಮುಂದೆ ಹೇಳುತ್ತೇನೆ. ಆದರೆ ಹೆಚ್ಚಿನ ಸೋರಿಕೆ ಕಣ್ಣೆದುರಿಗೇ, ಸದುದ್ದೇಶದಿಂದಲೇ ಆಗುತ್ತದೆ. ಇಲಾಖೆಯಿಂದ ಮಾಹಿತಿ ಬೇಕೆಂದು ಅವಸರದ ಸೂಚನೆ ಬರುತ್ತದೆ. ಶಿಕ್ಷಕರು ಇಡೀ ತರಗತಿಯ ಪಟ್ಟಿಯ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಗುಂಪಿನಲ್ಲಿ ಇದ್ದವರೆಷ್ಟು, ಬಿಟ್ಟುಹೋದವರೆಷ್ಟು, ಆ ಫೋಟೋ ಎಷ್ಟು ಫೋನುಗಳಲ್ಲಿ ಉಳಿಯಿತು, ಲೆಕ್ಕ ಇಟ್ಟವರಿಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ತಂದೆತಾಯಿ ಬಸ್‌ಸ್ಟ್ಯಾಂಡಿನ ಬಳಿಯ ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಪ್ರತಿ, ಓ.ಟಿ.ಪಿ. ಎಲ್ಲವನ್ನೂ ಅಂಗಡಿಯ ಹುಡುಗನಿಗೆ ಒಪ್ಪಿಸುತ್ತಾರೆ. ಕೆಟ್ಟು ಬಂದ ಪ್ರತಿಗಳು ಅಲ್ಲಿಯೇ ಬುಟ್ಟಿಯಲ್ಲಿ ಉಳಿಯುತ್ತವೆ. ಫಲಿತಾಂಶ ಬಂದ ದಿನ ಫ್ಲೆಕ್ಸ್ ಏಳುತ್ತದೆ. ಹೆಚ್ಚು ಅಂಕ ಪಡೆದ ಹುಡುಗಿಯ ಹೆಸರು, ಭಾವಚಿತ್ರ, ಊರು ಎಲ್ಲವೂ ಚೌಕದಲ್ಲಿ ತೂಗುತ್ತವೆ. ಅವಳನ್ನು ಒಂದು ಮಾತು ಕೇಳಿದವರು ಯಾರು? ಈ ಒಂದೊಂದರಲ್ಲಿಯೂ ದುರುದ್ದೇಶವಿಲ್ಲ. ಆದರೆ ನ್ಯಾಸ ಕಳೆದುಹೋಗುವುದಕ್ಕೆ ಕಳ್ಳನೇ ಬರಬೇಕೆಂದಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು.

ದೊಡ್ಡ ಪ್ರಮಾಣದ ಸೋರಿಕೆಗೂ ಉದಾಹರಣೆ ಉಂಟು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ದೀಕ್ಷಾ' ಎಂಬ ಕಲಿಕೆಯ ಆ್ಯಪ್ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಎಷ್ಟೋ ಮಕ್ಕಳಿಗೆ ನೆರವಾಯಿತು. ಆದರೆ ಅದರ ವಿವರಗಳಿದ್ದ ಒಂದು ಉಗ್ರಾಣಕ್ಕೆ ಬೀಗವಿರಲಿಲ್ಲವೆಂದೂ, ಸುಮಾರು 6 ಲಕ್ಷ ವಿದ್ಯಾರ್ಥಿಗಳ ಮತ್ತು 10 ಲಕ್ಷಕ್ಕೂ ಹೆಚ್ಚು ಶಿಕ್ಷಕರ ವಿವರಗಳು ಹೊರಗಿನವರ ಕಣ್ಣಿಗೆ ಬೀಳುವಂತಿದ್ದವೆಂದೂ 2023ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಅದಕ್ಕೆ ಮುಂಚೆ 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 49 ದೇಶಗಳ 164 ಕಲಿಕೆಯ ಆ್ಯಪುಗಳನ್ನೂ ತಾಣಗಳನ್ನೂ ಪರೀಕ್ಷಿಸಿತು. ಅವುಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತರಷ್ಟು, ಮಕ್ಕಳ ಹಕ್ಕಿಗೆ ಚ್ಯುತಿ ತರುವ ರೀತಿಯಲ್ಲಿ ಅವರ ವಿವರಗಳನ್ನು ಬಳಸುತ್ತಿದ್ದುವೆಂದು ಅದು ಹೇಳಿತು.

ನಮ್ಮ ಪ್ರಾಂತದ ರೈತನಿಗೆ ಹಗೇವಿನ ರೀತಿ ತಿಳಿದಿದೆ. ಜೋಳವನ್ನು ನೆಲದೊಳಗೆ ಇಟ್ಟು ಬಾಯಿ ಮುಚ್ಚುತ್ತಾನೆ. ಬೇಕಾದಾಗ ಮಾತ್ರ ತೆರೆಯುತ್ತಾನೆ. ತೆರೆದ ಕೂಡಲೇ ಒಳಗೆ ಇಳಿಯುವುದಿಲ್ಲ, ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಾನೆ. ಕೂಡಿಟ್ಟದ್ದರಲ್ಲಿ ಬದುಕು ಉಂಟು, ಅಪಾಯವೂ ಉಂಟೆಂದು ಅವನು ಬಲ್ಲ. ಒಂದೇ ಕಡೆ ಕೋಟಿಗಟ್ಟಲೆ ಮಕ್ಕಳ ವಿವರ ಕೂಡಿಡುವವರಿಗೂ ಇಂಥ ಎಚ್ಚರ ಬೇಡವೇ?

ಕೆಲವು ವಿವರಗಳಂತೂ ಒಮ್ಮೆ ಹೊರಬಿದ್ದರೆ ಮರಳಿ ಬರುವಂಥವಲ್ಲ. ಫೋನ್ ನಂಬರು ಬದಲಾಯಿಸಬಹುದು, ಮುಖವನ್ನು ಬದಲಾಯಿಸಲಾದೀತೇ? 2025ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಯಂತ್ರದಿಂದ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಯೋಜನೆ ಪ್ರಕಟವಾದಾಗ ಶಿಕ್ಷಣದಲ್ಲಿ ಆಸಕ್ತಿಯುಳ್ಳ ಹಲವರು ಆಕ್ಷೇಪಿಸಿದ್ದು ಇದಕ್ಕಾಗಿಯೇ. ಸುಳ್ಳು ಹಾಜರಿಯನ್ನು ತಡೆಯಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ತನ್ನ ತರಗತಿಯ ಮೂವತ್ತು ಮಕ್ಕಳ ಮುಖವನ್ನು ಮಾಸ್ತರರ ಕಣ್ಣೇ ಗುರುತಿಸುವಾಗ, ಆ ಮುಖಗಳನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಎರಡು ಸಲ ಯೋಚಿಸುವುದು ತಪ್ಪಲ್ಲ.

ಈ ವಿಚಾರದಲ್ಲಿ ಇಡೀ ದೇಶಕ್ಕೆ ದಾರಿ ತೋರಿದವರು ನಮ್ಮ ಕನ್ನಡನಾಡಿನ ಹಿರಿಯರೊಬ್ಬರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಅದೇ ನ್ಯಾಯಾಲಯದ ಐವರ ಪೀಠ ಮಕ್ಕಳ ಬಗ್ಗೆ ವಿಶೇಷವಾಗಿ ಹೇಳಿತು: ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯ ಮಾಡುವಂತಿಲ್ಲ, ಏಕೆಂದರೆ ಶಿಕ್ಷಣ ಸರ್ಕಾರ ಕೊಡುವ ಸಹಾಯಧನವಲ್ಲ, ಅದು ಮಗುವಿನ ಹಕ್ಕು. ತಂದೆತಾಯಿ ಒಪ್ಪಿ ಮಾಡಿಸಿದ ಆಧಾರ್ ನೋಂದಣಿಯಿಂದಲೂ ವಯಸ್ಸಿಗೆ ಬಂದ ಮೇಲೆ ಮಗು ಹೊರಬರಬಹುದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಮಾತ್ರ ನಮ್ಮ ಮಕ್ಕಳ ಬೆನ್ನಿಗಿದೆ.

ಆ ತೀರ್ಪಿನ ಹಿಂದೆಯೇ ಬಂದದ್ದು ವ್ಯಕ್ತಿಗತ ದತ್ತಾಂಶ ಸಂರಕ್ಷಣೆಯ 2023ರ ಕಾಯಿದೆ. ಹದಿನೆಂಟು ತುಂಬದವರ ವಿವರ ಬಳಸಲು ತಂದೆತಾಯಿಯ ಖಚಿತವಾದ ಒಪ್ಪಿಗೆ ಬೇಕು, ಮಕ್ಕಳ ನಡತೆಯನ್ನು ಹಿಂಬಾಲಿಸಿ ನೋಡುವಂತಿಲ್ಲ, ಅವರನ್ನು ಗುರಿಯಾಗಿಟ್ಟು ಜಾಹೀರಾತು ತೋರಿಸುವಂತಿಲ್ಲ ಎಂದು ಅದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ, ಅಂದರೆ 2027ರ ವರೆಗಿನ, ಗಡುವನ್ನು ಇಟ್ಟರು. ಆದರೆ ಶಿಕ್ಷಣದ ಕೆಲಸಕ್ಕಾಗಿ ಮತ್ತು ಮಕ್ಕಳ ಸುರಕ್ಷತೆಗಾಗಿ ಶಾಲೆಗಳಿಗೆ ಇದೇ ನಿಯಮಗಳು ಕೆಲವು ವಿನಾಯಿತಿಗಳನ್ನೂ ಕೊಟ್ಟಿವೆ. ಎಂದರೆ ಅರ್ಥವೇನು? ಕಾಯಿದೆ ಎಷ್ಟೋ ವಿಷಯಗಳನ್ನು ಶಾಲೆಯ ವಿವೇಕಕ್ಕೆ ಬಿಟ್ಟಿದೆ. ಆ ವಿವೇಕ ಇಲ್ಲದಿದ್ದರೆ ಕಾಯಿದೆ ಇದ್ದೂ ಇಲ್ಲದಂತೆ.

ಆದ್ದರಿಂದ ನಾವು ಏನು ಮಾಡಬಹುದು? ಇದಕ್ಕೆ ದೊಡ್ಡ ಹಣ ಬೇಡ, ಹೊಸ ಯಂತ್ರವೂ ಬೇಡ. ಮುಖ್ಯೋಪಾಧ್ಯಾಯರು ಯಾವ ವಿವರ ಕೇಳುವ ಮೊದಲೂ ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಂಡರೆ ಸಾಕು. ಇದು ಯಾವ ಕೆಲಸಕ್ಕೆ? ಇದಿಲ್ಲದೆ ಆ ಕೆಲಸ ನಡೆಯುವುದಿಲ್ಲವೇ? ಇದನ್ನು ನೋಡುವವರು ಯಾರು ಯಾರು? ಕೆಲಸ ಮುಗಿದ ಮೇಲೆ ಇದು ಎಲ್ಲಿ ಹೋಗುತ್ತದೆ? ಈ ನಾಲ್ಕಕ್ಕೂ ಉತ್ತರವಿದ್ದರೆ ಧಾರಾಳವಾಗಿ ಕೇಳಬಹುದು. ಯಾವುದಾದರೊಂದಕ್ಕೆ ಉತ್ತರವಿಲ್ಲದಿದ್ದರೆ ಕೇಳದಿರುವುದೇ ಮೇಲು.

ಶಿಕ್ಷಕರು ತರಗತಿಯಲ್ಲಿ ಜಾತಿಯನ್ನೋ, ವಿದ್ಯಾರ್ಥಿವೇತನದ ಪಟ್ಟಿಯನ್ನೋ, ತಂದೆಯ ಹೆಸರನ್ನೋ ಗಟ್ಟಿಯಾಗಿ ಓದದಿರಲಿ. ಬೇಕಾದ ಮಗುವನ್ನು ಹತ್ತಿರಕ್ಕೆ ಕರೆದು ಮೆಲ್ಲಗೆ ಕೇಳಿದರಾಯಿತು. ಪಟ್ಟಿಯನ್ನು ಗುಂಪಿಗೆ ಹಾಕುವ ಬದಲು ಬೇಕಾದ ಅಧಿಕಾರಿಯೊಬ್ಬರಿಗೇ ಕಳಿಸಲಿ. ಇಲಾಖೆಯವರು ಸಂಜೆಯೊಳಗೆ ಕಳಿಸಿರೆಂದು ಅವಸರಪಡಿಸದೆ, ಒಮ್ಮೆ ಕೊಟ್ಟ ವಿವರವನ್ನೇ ನಾಲ್ಕು ನಮೂನೆಗಳಲ್ಲಿ ಮತ್ತೆ ಮತ್ತೆ ಕೇಳದೆ ಇದ್ದರೆ ಅರ್ಧ ಸೋರಿಕೆ ತಾನಾಗಿ ನಿಲ್ಲುತ್ತದೆ. ತಂದೆತಾಯಿಗಳು 'ಅಪಾರ್' ಒಪ್ಪಿಗೆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವ ಮೊದಲು ಅದರಲ್ಲಿ ಏನು ಬರೆದಿದೆಯೆಂದು ಓದಿಸಿಕೊಂಡು ಕೇಳಲಿ. ಅದು ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರವೇ ಹೇಳಿದೆ. ಝೆರಾಕ್ಸ್ ಅಂಗಡಿಯಿಂದ ಕೆಟ್ಟ ಪ್ರತಿಯನ್ನೂ ಮರಳಿ ಕೇಳಿ ತೆಗೆದುಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಕಟ್ಟಡ, ಬಿಸಿಯೂಟಗಳ ಜೊತೆಗೆ ವರ್ಷಕ್ಕೊಂದು ಸಭೆಯಲ್ಲಿ, "ನಮ್ಮ ಮಕ್ಕಳ ವಿವರ ಯಾರ ಯಾರ ಕೈಯಲ್ಲಿದೆ?" ಎಂದು ಕೇಳಲಿ. ಅಮೆರಿಕದಲ್ಲಿ 1974ರಷ್ಟು ಹಿಂದೆಯೇ, ಮಗುವಿನ ಶಾಲಾ ದಾಖಲೆಯನ್ನು ನೋಡುವ ಮತ್ತು ತಪ್ಪಿದ್ದರೆ ತಿದ್ದಿಸಲು ಕೋರುವ ಹಕ್ಕನ್ನು ತಂದೆತಾಯಿಗೆ ಕಾಯಿದೆಯಿಂದಲೇ ಕೊಟ್ಟರು. ನಮ್ಮಲ್ಲಿಯೂ ಕೇಳುವ ಅಭ್ಯಾಸ ಬೆಳೆಯಬೇಕು. ಕೇಳಿದವರನ್ನು ತಕರಾರಿನವರೆಂದು ಕಾಣದಿರುವ ಅಭ್ಯಾಸವೂ ಬೆಳೆಯಬೇಕು.

ಒಳ್ಳೆಯ ಶಿಕ್ಷಕರ ಲಕ್ಷಣಗಳನ್ನು ಎಣಿಸುವಾಗ ನಾವು ಪಾಂಡಿತ್ಯವನ್ನು ಹೇಳುತ್ತೇವೆ, ತಾಳ್ಮೆಯನ್ನು ಹೇಳುತ್ತೇವೆ, ಪ್ರೀತಿಯನ್ನು ಹೇಳುತ್ತೇವೆ. ಇನ್ನೊಂದನ್ನೂ ಸೇರಿಸಬೇಕು: ಮಗುವಿನ ಬಗ್ಗೆ ತಮಗೆ ತಿಳಿದದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವ ಶಕ್ತಿ. ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಹುಡುಗನ ತಂದೆ ಮನೆಗೆ ಬಂದಿಲ್ಲ, ಯಾವ ಹುಡುಗಿ ಏಕೆ ಅತ್ತಳು, ಇದೆಲ್ಲ ಮಾಸ್ತರರಿಗೂ ಅಕ್ಕೋರಿಗೂ ತಿಳಿದಿರುತ್ತದೆ. ತಿಳಿದದ್ದರಿಂದಲೇ ಅವರು ಆ ಮಗುವಿಗೆ ಒಂದು ತುತ್ತು ಹೆಚ್ಚು ಬಡಿಸುತ್ತಾರೆ, ಒಂದು ಪಾಠವನ್ನು ಇನ್ನೊಮ್ಮೆ ಹೇಳುತ್ತಾರೆ. ಆದರೆ ಅದನ್ನು ಹೊರಗೆ ಆಡುವುದಿಲ್ಲ. ದಫ್ತರ ಕಾಗದದ್ದೇ ಆಗಲಿ, ಯಂತ್ರದ್ದೇ ಆಗಲಿ, ಅದನ್ನು ಕಾಯುವವರೆಲ್ಲರೂ ಇಂಥ ಶಿಕ್ಷಕರಿಂದ ಈ ಒಂದು ನಡತೆಯನ್ನು ಕಲಿತರೆ ಮಕ್ಕಳು ನಿರ್ಭಯವಾಗಿ ಶಾಲೆಗೆ ಬರುತ್ತಾರೆ, ತಾಯಂದಿರು ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತಾರೆ.